ನಿಗದಿತ ಸಿಸೇರಿಯನ್‌: ನೋವು ತಡೆಯುವ ಹಾದಿಗಳು

ಮೊದಲೇ ದಿನ ಗೊತ್ತುಮಾಡಿ ನಡೆಸುವ ಸಿಸೇರಿಯನ್‌ ಹೆರಿಗೆಗೆ ಇಂದು ಅತಿ ಹೆಚ್ಚು ಬಳಕೆಯಲ್ಲಿರುವ ಅರಿವಳಿಕೆ ಸ್ಪೈನಲ್‌. ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಗಳ ನಡುವಿನಿಂದ ತೆಳ್ಳನೆಯ ಸೂಜಿ ಇಳಿಸಿ, ಸುಮಾರು ಎರಡು ಮಿಲಿಲೀಟರ್ ಔಷಧವನ್ನು ನರಗಳ ಸುತ್ತಲಿನ ದ್ರವಕ್ಕೆ ಸೇರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಎದೆಯಿಂದ ಕಾಲ್ಬೆರಳಿನ ತನಕ ನೋವಿನ ಅರಿವು ಹೋಗುತ್ತದೆ. ತಾಯಿ ಎಚ್ಚರವಾಗಿರುತ್ತಾಳೆ, ಸ್ವಂತವಾಗಿ ಉಸಿರಾಡುತ್ತಾಳೆ, ಮಗುವಿನ ಮೊದಲ ಅಳುವನ್ನು ತಾನೇ ಕೇಳಿಸಿಕೊಳ್ಳುತ್ತಾಳೆ.

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ 21.5ರಷ್ಟು ಹೆರಿಗೆಗಳು ಸಿಸೇರಿಯನ್‌ ಮೂಲಕ ಆಗುತ್ತವೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ 31.5. ಇವುಗಳಲ್ಲಿ ಕೆಲವು ತುರ್ತು ಶಸ್ತ್ರಚಿಕಿತ್ಸೆಗಳು. ಮೊದಲ ಹೆರಿಗೆಯೂ ಸಿಸೇರಿಯನ್‌ ಆಗಿದ್ದಾಗ, ಮಗು ಅಡ್ಡಲಾಗಿ ಅಥವಾ ಕಾಲು ಕೆಳಗಾಗಿ ಇದ್ದಾಗ, ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಾಗ ದಿನವನ್ನು ಮುಂಚಿತವಾಗಿ ಗೊತ್ತುಪಡಿಸುವುದು ಸಾಮಾನ್ಯ. ತುರ್ತು ಹೆರಿಗೆಯಲ್ಲಿ ಸಿಗದ ಒಂದು ಅನುಕೂಲ ಇಲ್ಲಿದೆ: ಯೋಚಿಸಲು, ಕೇಳಲು, ಆರಿಸಿಕೊಳ್ಳಲು ಸಮಯ. ಆದರೂ ಬಹಳಷ್ಟು ಗರ್ಭಿಣಿಯರು ಬೆನ್ನಿಗೆ ಕೊಡುವ ಇಂಜೆಕ್ಷನ್‌ ಬಗ್ಗೆ ತಿಳಿದಿದ್ದಕ್ಕಿಂತ ಹೆಚ್ಚು ಭಯವನ್ನೇ ಹೊತ್ತು ಆಪರೇಷನ್‌ ಥಿಯೇಟರಿಗೆ ಹೋಗುತ್ತಾರೆ. ಆ ಭಯದ ಬಹುಪಾಲು ಸರಿಯಾದ ಮಾಹಿತಿಯಿಂದಲೇ ಕರಗುವಂಥದ್ದು.

ಬೆನ್ನಿನೊಳಗಿನ ರಚನೆ

ಬೆನ್ನುಹುರಿ ಎಂದರೆ ಮಿದುಳಿನ ಬುಡದಿಂದ ಇಳಿದು ಬರುವ ನರಗಳ ದಪ್ಪ ಕಟ್ಟು. ವಯಸ್ಕರಲ್ಲಿ ಅದು ಸಾಮಾನ್ಯವಾಗಿ ಸೊಂಟದ ಒಂದನೆಯ ಅಥವಾ ಎರಡನೆಯ ಕಶೇರುಕದ ಮಟ್ಟದಲ್ಲೇ ಕೊನೆಯಾಗುತ್ತದೆ. ಅಲ್ಲಿಂದ ಕೆಳಗೆ ಬಿಡಿಬಿಡಿಯಾದ ನರದ ಎಳೆಗಳು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತವೆ. ಈ ದ್ರವವನ್ನೂ ನರಗಳನ್ನೂ ಸುತ್ತುವರಿದು ಗಟ್ಟಿಯಾದ ಒಂದು ಪೊರೆ ಇದೆ. ಆ ಪೊರೆಯ ಹೊರಗೆ, ಕೊಬ್ಬು ಮತ್ತು ಸಣ್ಣ ರಕ್ತನಾಳಗಳು ತುಂಬಿದ ಕಿರಿದಾದ ಜಾಗಕ್ಕೆ ಎಪಿಡ್ಯೂರಲ್‌ ಜಾಗ ಎನ್ನುತ್ತಾರೆ.

ಸ್ಪೈನಲ್‌ ಔಷಧ ಪೊರೆಯ ಒಳಗಿನ ದ್ರವಕ್ಕೆ ಹೋಗುತ್ತದೆ. ಎಪಿಡ್ಯೂರಲ್‌ ಔಷಧ ಪೊರೆಯ ಹೊರಗೇ ಉಳಿಯುತ್ತದೆ. ಎರಡು ವಿಧಾನಗಳ ನಡುವಿನ ಎಲ್ಲ ವ್ಯತ್ಯಾಸಗಳ ಮೂಲ ಇದೇ. ಸ್ಪೈನಲ್‌ ಸೂಜಿಯನ್ನು ಸಾಮಾನ್ಯವಾಗಿ ಸೊಂಟದ ಮೂರು ಮತ್ತು ನಾಲ್ಕನೆಯ, ಇಲ್ಲವೇ ನಾಲ್ಕು ಮತ್ತು ಐದನೆಯ ಕಶೇರುಕಗಳ ನಡುವೆ ಹಾಕುತ್ತಾರೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುವುದರಿಂದ ಸೂಜಿ ಅದಕ್ಕೆ ತಗಲುವ ಸಂಭವ ತೀರಾ ಕಡಿಮೆ. ಎರಡೂ ಪಕ್ಕದ ಸೊಂಟದ ಮೂಳೆಗಳ ಮೇಲಂಚನ್ನು ಜೋಡಿಸುವ ಗೆರೆಯನ್ನು ಕೈಯಿಂದ ಅಂದಾಜಿಸಿ ಅರಿವಳಿಕೆ ತಜ್ಞರು ಜಾಗ ಗುರುತಿಸುತ್ತಾರೆ. ದಪ್ಪ ಮೈಯವರಲ್ಲಿ ಅಥವಾ ಬೆನ್ನುಮೂಳೆ ಡೊಂಕಾಗಿರುವವರಲ್ಲಿ ಅಲ್ಟ್ರಾಸೌಂಡ್‌ ನೆರವಿಗೆ ಬರುತ್ತದೆ.

ನೂರಿಪ್ಪತ್ತೈದು ವರ್ಷಗಳ ಹಾದಿ

ಸ್ಪೈನಲ್‌ ಹೊಸ ಪ್ರಯೋಗವೇನಲ್ಲ. ಜರ್ಮನಿಯ ಕೀಲ್‌ ನಗರದಲ್ಲಿ ಹೈನ್ರಿಕ್‌ ಕ್ವಿಂಕೆ 1891ರಲ್ಲಿ ಬೆನ್ನಿನಿಂದ ಸೂಜಿಯ ಮೂಲಕ ದ್ರವ ತೆಗೆಯುವ ಕ್ರಮವನ್ನು ವಿವರಿಸಿದರು. ಅದೇ ಊರಿನ ಶಸ್ತ್ರವೈದ್ಯ ಆಗಸ್ಟ್‌ ಬೀರ್‌ 1898ರ ಆಗಸ್ಟ್‌ನಲ್ಲಿ ಇದೇ ದಾರಿಯಿಂದ ಕೊಕೇನ್‌ ದ್ರಾವಣ ಕೊಟ್ಟು ಕಾಲಿನ ಶಸ್ತ್ರಚಿಕಿತ್ಸೆ ನಡೆಸಿದರು. ರೋಗಿಗಳಿಗೆ ಆಮೇಲೆ ಬರುತ್ತಿದ್ದ ತಲೆನೋವಿನ ಕಾರಣ ತಿಳಿಯಲು ಬೀರ್‌ ಮತ್ತು ಅವರ ಸಹಾಯಕ ಹಿಲ್ಡೆಬ್ರಾಂಟ್‌ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಬೀರ್‌ ಅವರ ಬೆನ್ನಿಗೆ ಚುಚ್ಚಿದ ಸೂಜಿಗೆ ಸಿರಿಂಜು ಸರಿಯಾಗಿ ಕೂರದೆ ದ್ರವ ಸೋರಿತು. ಹಲವು ದಿನ ಅವರು ತಲೆ ಎತ್ತಲಾಗದೆ ಮಲಗಿದರು. ಆ ಸೋರಿಕೆಗೂ ತಲೆನೋವಿಗೂ ಇರುವ ನಂಟನ್ನು ಅವರು ಅಂದೇ ಗುರುತಿಸಿದ್ದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆಸ್ಕರ್‌ ಕ್ರೈಸ್‌ 1900ರಲ್ಲಿ ಹೆರಿಗೆ ನೋವಿಗೆ ಸ್ಪೈನಲ್‌ ಬಳಸಿದರು.

ಅಲ್ಲಿಂದ ಇಲ್ಲಿಯವರೆಗೆ ಮೂರು ಸಂಗತಿಗಳು ಬದಲಾದವು. ಕೊಕೇನ್‌ ಜಾಗಕ್ಕೆ ಹೆಚ್ಚು ಸುರಕ್ಷಿತವಾದ ಔಷಧಗಳು ಬಂದವು. ಸೂಜಿಗಳು ತೆಳುವಾದವು. ಅವುಗಳ ತುದಿ ಪೊರೆಯನ್ನು ಕತ್ತರಿಸುವ ಬದಲು ಎಳೆಗಳನ್ನು ಬದಿಗೆ ಸರಿಸಿ ಒಳಹೋಗುವಂತೆ ರೂಪುಗೊಂಡಿತು. ಪೆನ್ಸಿಲ್‌ ಮೊನೆಯಂಥ ಈ ತುದಿಯ ವಿಟೇಕರ್‌ ಸೂಜಿ 1951ರಲ್ಲಿ, ಸ್ಪ್ರಾಟೆ ಸೂಜಿ 1987ರಲ್ಲಿ ಬಂದವು.

ಥಿಯೇಟರಿನಲ್ಲಿ ನಡೆಯುವುದು

ನಿಗದಿತ ಶಸ್ತ್ರಚಿಕಿತ್ಸೆಗೆ ಗಟ್ಟಿ ಆಹಾರವನ್ನು ಕನಿಷ್ಠ 6 ಗಂಟೆ ಮೊದಲೇ ನಿಲ್ಲಿಸಬೇಕು. ನೀರು, ಹಾಲು ಬೆರೆಸದ ತಿಳಿ ಪಾನೀಯವನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ಹಾಲು ತಿಳಿ ಪಾನೀಯದ ಲೆಕ್ಕಕ್ಕೆ ಬರುವುದಿಲ್ಲ. ಗರ್ಭಿಣಿಯ ಹೊಟ್ಟೆಯಲ್ಲಿ ಆಮ್ಲ ಮೇಲಕ್ಕೆ ಬರುವ ಸಂಭವ ಹೆಚ್ಚಿರುವುದರಿಂದ ಅದನ್ನು ತಗ್ಗಿಸುವ ಔಷಧವನ್ನೂ ಕೊಡುತ್ತಾರೆ.

ಥಿಯೇಟರಿನಲ್ಲಿ ಕೈಗೆ ಡ್ರಿಪ್‌ ಹಾಕಿ, ಬಿಪಿ, ನಾಡಿಮಿಡಿತ, ರಕ್ತದ ಆಮ್ಲಜನಕ ತೋರಿಸುವ ಉಪಕರಣಗಳನ್ನು ಜೋಡಿಸಲಾಗುತ್ತದೆ. ಗರ್ಭಿಣಿ ಟೇಬಲ್‌ ಮೇಲೆ ಕುಳಿತು ಅಥವಾ ಒಂದು ಮಗ್ಗುಲಿಗೆ ಮಲಗಿ, ಗದ್ದವನ್ನು ಎದೆಗೆ ತಾಗಿಸಿ, ಭುಜ ಸಡಿಲಬಿಟ್ಟು, ಬೆನ್ನನ್ನು ಹೊರಕ್ಕೆ ಬಾಗಿಸಬೇಕು. ಹೀಗೆ ಬಾಗಿದಾಗ ಕಶೇರುಕಗಳ ನಡುವಿನ ಸಂದು ಅಗಲವಾಗುತ್ತದೆ. ತುಂಬಿದ ಹೊಟ್ಟೆಯಲ್ಲಿ ಇದು ಸುಲಭವಲ್ಲ. ನರ್ಸ್‌ ಒಬ್ಬರು ಎದುರು ನಿಂತು ಭುಜ ಹಿಡಿದು ಆಧಾರ ಕೊಡುತ್ತಾರೆ.

ಬೆನ್ನನ್ನು ಸೋಂಕುನಾಶಕದಿಂದ ಒರೆಸಿ ಒಣಗಲು ಬಿಡುತ್ತಾರೆ. ಚರ್ಮವನ್ನು ಮರಗಟ್ಟಿಸುವ ಸಣ್ಣ ಇಂಜೆಕ್ಷನ್‌ ಮೊದಲು ಬರುತ್ತದೆ. ಕ್ಷಣಕಾಲ ಉರಿಯುವುದು ಅದೇ. ಆನಂತರ ಸ್ಪೈನಲ್‌ ಸೂಜಿ ಇಳಿಯುವಾಗ ಒತ್ತಿದ ಅನುಭವ ಇರುತ್ತದೆ. ಆಗ ಕಾಲಿಗೆ ಕರೆಂಟು ಹೊಡೆದ ಹಾಗೆ ಚುಳ್‌ ಎಂದರೆ ಅಲುಗಾಡದೆ ತಕ್ಷಣ ಹೇಳಬೇಕು. ತಜ್ಞರು ಸೂಜಿಯ ದಿಕ್ಕು ಬದಲಿಸುತ್ತಾರೆ. ಸೂಜಿಯ ಹಿಂಬದಿಯಲ್ಲಿ ತಿಳಿದ್ರವದ ಹನಿ ಕಂಡ ಮೇಲೆ ಔಷಧ ಕೊಟ್ಟು ಸೂಜಿ ತೆಗೆಯುತ್ತಾರೆ. ಬೆನ್ನಿನಲ್ಲಿ ಏನೂ ಉಳಿಯುವುದಿಲ್ಲ. ಪಾದ ಬೆಚ್ಚಗಾಗಿ, ಕಾಲು ಭಾರವಾಗಿ, ಎತ್ತಲು ಆಗದಂತಾಗುತ್ತದೆ. ಈ ಮರಗಟ್ಟುವಿಕೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಗಂಟೆ ಇರುತ್ತದೆ. ತೊಡಕಿಲ್ಲದ ಸಿಸೇರಿಯನ್‌ ಮುಗಿಯಲು ಅದು ಸಾಕು.

ಸಿರಿಂಜಿನೊಳಗಿನ ಔಷಧಗಳು

ಮುಖ್ಯ ಔಷಧ ಬುಪಿವಕೇನ್‌. ಇದನ್ನು 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಿಸಲಾಯಿತು. ಸ್ಪೈನಲ್‌ಗೆ ಬಳಸುವ ದ್ರಾವಣದಲ್ಲಿ ಡೆಕ್ಸ್‌ಟ್ರೋಸ್‌ ಸಕ್ಕರೆ ಬೆರೆತಿರುತ್ತದೆ. ಇದರಿಂದ ಔಷಧ ಬೆನ್ನಿನ ದ್ರವಕ್ಕಿಂತ ಭಾರವಾಗಿ ಇಳಿಜಾರಿನ ಕಡೆಗೆ ಹರಿಯುತ್ತದೆ. ಥಿಯೇಟರಿನ ಮಾತಿನಲ್ಲಿ ಇದು ‘ಹೆವಿ’. ಮಲಗಿದ ಭಂಗಿಯಿಂದ, ಟೇಬಲ್‌ ಓರೆ ಮಾಡುವುದರಿಂದ ಔಷಧ ಎಷ್ಟು ಮೇಲಕ್ಕೆ ಹರಡಬೇಕೆಂಬುದನ್ನು ತಕ್ಕಮಟ್ಟಿಗೆ ನಿಯಂತ್ರಿಸಬಹುದು. ಗರ್ಭಿಣಿಯರಿಗೆ ಇತರರಿಗಿಂತ ಕಡಿಮೆ ಪ್ರಮಾಣ ಸಾಕು. ಸಾಮಾನ್ಯವಾಗಿ 10 ಮಿಲಿಗ್ರಾಂ ಆಸುಪಾಸು. ಪ್ರಮಾಣ ಇಷ್ಟು ಚಿಕ್ಕದಾದ್ದರಿಂದ ತಾಯಿಯ ರಕ್ತಕ್ಕೂ, ಅಲ್ಲಿಂದ ಮಗುವಿಗೂ ಸೇರುವುದು ಅತ್ಯಲ್ಪ.

ಬುಪಿವಕೇನ್‌ ಜೊತೆಗೆ ಫೆಂಟನಿಲ್‌ ಎಂಬ ಓಪಿಯಾಯ್ಡ್‌ ಔಷಧವನ್ನು 10ರಿಂದ 25 ಮೈಕ್ರೊಗ್ರಾಂನಷ್ಟು ಸೇರಿಸುವ ರೂಢಿ ಇದೆ. ಗರ್ಭಕೋಶ ಎಳೆದಾಗ ಆಗುವ ಒಳಗಿನ ನೋವನ್ನು ಇದು ಚೆನ್ನಾಗಿ ತಡೆಯುತ್ತದೆ. ಪರಿಣಾಮ ಕೆಲವು ಗಂಟೆ. ಹೀಗೇ ಸೇರಿಸಬಹುದಾದ ಇನ್ನೊಂದು ಓಪಿಯಾಯ್ಡ್‌ ಮಾರ್ಫಿನ್‌ ನಿಧಾನಕ್ಕೆ ಕೆಲಸ ಆರಂಭಿಸಿ ಬಹಳ ಹೊತ್ತು ಉಳಿಯುತ್ತದೆ. ಸುಮಾರು 100 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಸಾವಿರದ ಒಂದು ಭಾಗ, 12ರಿಂದ 24 ಗಂಟೆ ನೋವನ್ನು ತಗ್ಗಿಸಬಲ್ಲದು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ರಾತ್ರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೈ ನವೆ ಮತ್ತು ವಾಕರಿಕೆ ಇದರ ಸಾಮಾನ್ಯ ತೊಂದರೆಗಳು. ಉಸಿರಾಟ ನಿಧಾನವಾಗುವುದು ಅಪರೂಪ, ಆದರೆ ಗಂಭೀರ. ಹಾಗಾಗಿ ಮಾರ್ಫಿನ್‌ ಪಡೆದವರ ಉಸಿರಾಟವನ್ನು ರಾತ್ರಿಯೆಲ್ಲ ಗಮನಿಸುವ ವ್ಯವಸ್ಥೆ ವಾರ್ಡಿನಲ್ಲಿ ಇರಬೇಕು.

ಬೆನ್ನಿಗೆ ಕೊಡುವ ಮಾರ್ಫಿನ್‌ನಲ್ಲಿ ಸಂರಕ್ಷಕ ರಾಸಾಯನಿಕ ಇರಕೂಡದು. ಅಂಥ ಮಾರ್ಫಿನ್‌ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಭಾರತದ 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಮಾರ್ಫಿನ್‌, ಫೆಂಟನಿಲ್‌ನಂಥ ಅಗತ್ಯ ಔಷಧಗಳು ಆಸ್ಪತ್ರೆಗಳಿಗೆ ಸುಲಭವಾಗಿ ದೊರೆಯಲು ದಾರಿ ಮಾಡಲಾಗಿದೆ. ಆ ದಾರಿ ಹೆರಿಗೆ ವಾರ್ಡುಗಳನ್ನೂ ತಲುಪಬೇಕಿದೆ.

ಕತ್ತರಿಸುವ ಮುನ್ನ ಪರೀಕ್ಷೆ

ಸಿಸೇರಿಯನ್‌ ಗಾಯ ಕಿಬ್ಬೊಟ್ಟೆಯಲ್ಲಿ ಇದ್ದರೂ ಮರಗಟ್ಟುವಿಕೆ ಎದೆಯ ಮಟ್ಟ ಮುಟ್ಟಬೇಕು. ಹೊಟ್ಟೆಯ ಒಳಪೊರೆಯಿಂದ ನೋವಿನ ಸಂದೇಶ ಒಯ್ಯುವ ನರಗಳು ಬೆನ್ನಿನ ಮೇಲ್ಭಾಗದಲ್ಲಿ ಬೆನ್ನುಹುರಿ ಸೇರುವುದೇ ಇದಕ್ಕೆ ಕಾರಣ. ಆದ್ದರಿಂದ ಐಸ್‌ ತುಂಡು, ತಣ್ಣನೆಯ ಸ್ಪ್ರೇ ಅಥವಾ ಮೊಂಡ ಪಿನ್ನಿನಿಂದ ಎರಡೂ ಪಕ್ಕದಲ್ಲಿ ಕೆಳಗಿನಿಂದ ಮೇಲಕ್ಕೆ ಪರೀಕ್ಷಿಸುತ್ತಾರೆ. ತಣ್ಣನೆಯ ಅರಿವು ಮೊಲೆತೊಟ್ಟಿನ ಮಟ್ಟದವರೆಗೆ ಹೋಗಿರಬೇಕು, ಹಗುರ ಸ್ಪರ್ಶದ ಅರಿವು ಅದಕ್ಕಿಂತ ತುಸು ಕೆಳಗಿನವರೆಗೆ ಹೋಗಿರಬೇಕು, ಕಾಲು ಎತ್ತಲಾಗಬಾರದು. ಇಷ್ಟು ಖಚಿತವಾದ ಮೇಲೆ ಶಸ್ತ್ರಚಿಕಿತ್ಸೆ ಆರಂಭವಾಗಬೇಕು.

ಸ್ಪೈನಲ್‌ ಸರಿಯಾಗಿ ಹಿಡಿದಿದ್ದರೂ ಎಲ್ಲ ಅನುಭವವೂ ಅಳಿಯುವುದಿಲ್ಲ. ಮುಟ್ಟಿದ್ದು, ಎಳೆದದ್ದು, ಹೊಟ್ಟೆಯೊಳಗೆ ಕೈಯಾಡಿದ್ದು ತಿಳಿಯುತ್ತದೆ. ಮಗುವನ್ನು ಹೊರತೆಗೆಯುವ ಹೊತ್ತಿಗೆ ಹೊಟ್ಟೆಯ ಮೇಲ್ಭಾಗವನ್ನು ಬಲವಾಗಿ ಒತ್ತುತ್ತಾರೆ; ಎದೆಯ ಮೇಲೆ ಭಾರ ಬಿದ್ದಂತೆ ಅನ್ನಿಸುತ್ತದೆ. ಇವು ನಿರೀಕ್ಷಿತ. ಚುಚ್ಚುವ, ಕತ್ತರಿಸುವ ನೋವು ನಿರೀಕ್ಷಿತವಲ್ಲ. ಹಾಗೆ ನೋವಾದರೆ ತಾಯಿ ಹೇಳಬೇಕು, ವೈದ್ಯರು ನಂಬಬೇಕು. ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಯನ್ನು ಕ್ಷಣಕಾಲ ನಿಲ್ಲಿಸಿ, ರಕ್ತನಾಳದ ಮೂಲಕ ನೋವುನಿವಾರಕ ಕೊಡುವುದು, ಗಾಯದ ಸುತ್ತ ಮರಗಟ್ಟಿಸುವ ಔಷಧ ಚುಚ್ಚುವುದು, ಅಗತ್ಯವಾದರೆ ಪೂರ್ಣ ಅರಿವಳಿಕೆಗೆ ಬದಲಾಗುವುದು ಇವೆಲ್ಲ ಲಭ್ಯ ಮಾರ್ಗಗಳು. ಬ್ರಿಟನ್ನಿನ ಹೆರಿಗೆ ಅರಿವಳಿಕೆ ತಜ್ಞರ ಸಂಘ 2022ರಲ್ಲಿ ಈ ವಿಷಯಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ತಾಯಿ ನೋವು ಎಂದಾಗ ಅದನ್ನು ಗಾಬರಿ ಎಂದು ತಳ್ಳಿಹಾಕಬಾರದು ಎಂಬುದು ಅದರ ತಿರುಳು. ‘ಇನ್ನೇನು ಮುಗೀತು, ತಡ್ಕೊಳ್ಳಿ’ ಎಂಬ ಮಾತು ಚಿಕಿತ್ಸೆ ಆಗಲಾರದು.

ಬಿಪಿ ಕುಸಿತ ಮತ್ತು ನಡುಕ

ಸ್ಪೈನಲ್‌ ನಂತರ ಅತ್ಯಂತ ಸಾಮಾನ್ಯವಾಗಿ ಕಾಣುವ ತೊಂದರೆ ರಕ್ತದೊತ್ತಡ ಇಳಿಯುವುದು. ರಕ್ತನಾಳಗಳನ್ನು ಬಿಗಿಯಾಗಿ ಇಡುವ ನರಗಳೂ ಔಷಧದಿಂದ ಮಲಗುತ್ತವೆ. ನಾಳಗಳು ಸಡಿಲವಾಗಿ ಒತ್ತಡ ಕುಸಿಯುತ್ತದೆ. ಇದರ ಮೇಲೆ, ಅಂಗಾತ ಮಲಗಿದಾಗ ತುಂಬಿದ ಗರ್ಭಕೋಶ ಹೊಟ್ಟೆಯ ಹಿಂಭಾಗದ ದೊಡ್ಡ ರಕ್ತನಾಳಗಳನ್ನು ಒತ್ತುತ್ತದೆ. ತಲೆ ಹಗುರಾಗುವುದು, ಬೆವರು, ಇದ್ದಕ್ಕಿದ್ದಂತೆ ವಾಕರಿಕೆ ಇದರ ಮೊದಲ ಸೂಚನೆಗಳು. ತಾಯಿಯ ಬಿಪಿ ಹೆಚ್ಚು ಹೊತ್ತು ಇಳಿದೇ ಇದ್ದರೆ ಮಾಸಿಗೆ ಹರಿಯುವ ರಕ್ತ ಕಡಿಮೆಯಾಗಿ ಮಗುವಿಗೂ ತೊಂದರೆ.

ಇದನ್ನು ತಡೆಯುವ ಕ್ರಮಗಳು ಸ್ಪಷ್ಟವಾಗಿವೆ. ಬಲ ಸೊಂಟದ ಕೆಳಗೆ ದಿಂಬು ಇಟ್ಟು ಅಥವಾ ಟೇಬಲ್‌ ವಾಲಿಸಿ ದೇಹವನ್ನು ಎಡಕ್ಕೆ ಓರೆ ಮಾಡುತ್ತಾರೆ. ಸ್ಪೈನಲ್‌ ಕೊಡುವ ಹೊತ್ತಿಗೇ ಡ್ರಿಪ್‌ ವೇಗವಾಗಿ ಬಿಡುತ್ತಾರೆ. ರಕ್ತನಾಳಗಳನ್ನು ಬಿಗಿಗೊಳಿಸುವ ಫಿನೈಲ್‌ಎಫ್ರಿನ್‌ ಔಷಧವನ್ನು ಬಿಪಿ ಬೀಳುವವರೆಗೆ ಕಾಯದೆ ಆರಂಭದಿಂದಲೇ ಕೊಡುವುದು ಉತ್ತಮ ಎಂದು 2018ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಶಿಫಾರಸು ಮಾಡಿದೆ. ಮೇಲಿನ ಬಿಪಿ ಅಂಕಿ ಮೊದಲಿನ ಮಟ್ಟದ ಶೇ 90ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು ಗುರಿ. ಭಾರತದ ಆಸ್ಪತ್ರೆಗಳಲ್ಲಿ ಎಫೆಡ್ರಿನ್‌, ಮೆಫೆಂಟರ್ಮಿನ್‌ ಕೂಡ ಬಳಕೆಯಲ್ಲಿವೆ.

ಹಲ್ಲು ಕಟಕಟಿಸುವಷ್ಟು ನಡುಕವೂ ಹಲವರಿಗೆ ಬರುತ್ತದೆ. ಅಪಾಯವಿಲ್ಲದ ತೊಂದರೆ ಇದು. ಬೆಚ್ಚನೆಯ ಹೊದಿಕೆ ಮತ್ತು ಬೇಕಾದರೆ ಔಷಧದಿಂದ ಹತೋಟಿಗೆ ಬರುತ್ತದೆ. ಬಹಳ ಅಪರೂಪಕ್ಕೆ ಔಷಧ ಬೇಕಾದ್ದಕ್ಕಿಂತ ಮೇಲಕ್ಕೆ ಹರಡಿ ಕೈ ಮರಗಟ್ಟುವುದು, ಮಾತು ಕ್ಷೀಣವಾಗುವುದು, ಉಸಿರಾಟ ಕಷ್ಟವಾಗುವುದು ಉಂಟು. ಸಣ್ಣ ಸೂಚನೆಯನ್ನೂ ಬಾಯಿಬಿಟ್ಟು ಹೇಳಬೇಕೆನ್ನುವುದು ಇದಕ್ಕಾಗಿ. ತರಬೇತಾದ ವೈದ್ಯರು ಪಕ್ಕದಲ್ಲಿದ್ದರೆ, ಔಷಧದ ಪ್ರಭಾವ ಇಳಿಯುವವರೆಗೆ ಉಸಿರಾಟಕ್ಕೆ ನೆರವು ಕೊಟ್ಟು ಇದನ್ನು ನಿಭಾಯಿಸುತ್ತಾರೆ.

ಎಪಿಡ್ಯೂರಲ್‌ ಮತ್ತು ಜೋಡಿ ವಿಧಾನ

ಎಪಿಡ್ಯೂರಲ್‌ನಲ್ಲಿ ಪೊರೆಯ ಹೊರಗಿನ ಜಾಗಕ್ಕೆ ತೆಳ್ಳನೆಯ ಮೃದು ನಳಿಕೆ ಇಟ್ಟು, ಅದರ ಮೂಲಕ ಔಷಧವನ್ನು ಬೇಕಾದಂತೆ ಕೊಡುತ್ತಾರೆ. ಸ್ಪೈನಲ್‌ಗಿಂತ ಹಲವು ಪಟ್ಟು ಹೆಚ್ಚು ಔಷಧ ಬೇಕು, ಪರಿಣಾಮಕ್ಕೆ 15ರಿಂದ 20 ನಿಮಿಷ ಹಿಡಿಯುತ್ತದೆ, ಮರಗಟ್ಟುವಿಕೆ ಕೆಲವೊಮ್ಮೆ ಒಂದು ಪಕ್ಕಕ್ಕೆ ಕಡಿಮೆಯಾಗುತ್ತದೆ. ಈ ಕಾರಣಕ್ಕೆ ನಿಗದಿತ ಸಿಸೇರಿಯನ್‌ಗೆ ಎಪಿಡ್ಯೂರಲ್‌ ಒಂದನ್ನೇ ಆರಿಸುವುದು ಕಡಿಮೆ. ಸಹಜ ಹೆರಿಗೆಗೆಂದು ಎಪಿಡ್ಯೂರಲ್‌ ಹಾಕಿ, ಆಮೇಲೆ ಸಿಸೇರಿಯನ್‌ ಅನಿವಾರ್ಯವಾದಾಗ ಅದೇ ನಳಿಕೆ ಉಪಯೋಗಕ್ಕೆ ಬರುತ್ತದೆ.

ಜೋಡಿ ವಿಧಾನದಲ್ಲಿ ಸ್ಪೈನಲ್‌ ಮತ್ತು ಎಪಿಡ್ಯೂರಲ್‌ ಎರಡನ್ನೂ ಒಂದೇ ಬಾರಿಗೆ ಹಾಕುತ್ತಾರೆ. ಸ್ಪೈನಲ್‌ನ ವೇಗವೂ ನಳಿಕೆಯ ಅನುಕೂಲವೂ ಇದರಲ್ಲಿ ಕೂಡುತ್ತವೆ. ಹಿಂದೆ ಹಲವು ಬಾರಿ ಸಿಸೇರಿಯನ್‌ ಆಗಿದ್ದು ಈ ಬಾರಿ ಹೆಚ್ಚು ಸಮಯ ಹಿಡಿಯಬಹುದೆಂಬ ಅಂದಾಜಿದ್ದರೆ ಇದು ಉಪಯುಕ್ತ. ಹೃದಯದ ಕವಾಟ ಕಿರಿದಾಗಿರುವಂಥ ಕಾಯಿಲೆ ಇರುವವರಲ್ಲಿ ಬಿಪಿ ಒಮ್ಮೆಲೇ ಕುಸಿದರೆ ಅಪಾಯ. ಅಂಥವರಿಗೆ ಸ್ಪೈನಲ್‌ ಪ್ರಮಾಣ ತಗ್ಗಿಸಿ, ಉಳಿದದ್ದನ್ನು ನಳಿಕೆಯಿಂದ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಎಪಿಡ್ಯೂರಲ್‌ ಸೂಜಿ ದಪ್ಪವಾದ್ದರಿಂದ ಅಕಸ್ಮಾತ್‌ ಪೊರೆ ಚುಚ್ಚಿಕೊಂಡರೆ ತಲೆನೋವಿನ ಸಂಭವ ಹೆಚ್ಚು. ಅದು ಈ ವಿಧಾನದ ಮಿತಿ.

ಪೂರ್ಣ ಅರಿವಳಿಕೆ ಯಾರಿಗೆ

ಕೆಲವರಿಗೆ ಸ್ಪೈನಲ್‌ ಕೊಡಲಾಗದು. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿದ್ದರೆ, ಪ್ಲೇಟ್‌ಲೆಟ್‌ ಸಂಖ್ಯೆ ತೀರಾ ಕಡಿಮೆ ಇದ್ದರೆ, ಸೂಜಿ ಹಾಕುವ ಜಾಗದಲ್ಲಿ ಸೋಂಕಿದ್ದರೆ, ರಕ್ತಸ್ರಾವದಿಂದ ದೇಹ ಕುಸಿದಿದ್ದರೆ ಬೇರೆ ದಾರಿ ಬೇಕು. ಪ್ಲೇಟ್‌ಲೆಟ್‌ 70,000ಕ್ಕಿಂತ ಹೆಚ್ಚಿದ್ದು ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಪೈನಲ್‌ ಕೊಡಬಹುದು. 50,000ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ತೆಳುಗೊಳಿಸುವ ಹೆಪಾರಿನ್‌ ಬಗೆಯ ಇಂಜೆಕ್ಷನ್‌ ತೆಗೆದುಕೊಳ್ಳುತ್ತಿರುವವರು ಕೊನೆಯ ಡೋಸ್‌ ಯಾವಾಗ ಎಂದು ತಪ್ಪದೆ ತಿಳಿಸಬೇಕು. ಕಡಿಮೆ ಅಣು ತೂಕದ ಹೆಪಾರಿನ್‌ ಆದರೆ ಸಣ್ಣ ಡೋಸ್‌ಗೆ 12 ಗಂಟೆ, ದೊಡ್ಡ ಡೋಸ್‌ಗೆ 24 ಗಂಟೆ ಅಂತರ ಬೇಕು. ಗರ್ಭಿಣಿಯರಿಗೆ ಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್‌ ಸ್ಪೈನಲ್‌ಗೆ ಅಡ್ಡಿಯಲ್ಲ. ಗರ್ಭಿಣಿಯೇ ಒಪ್ಪದಿದ್ದರೆ ಅದೂ ಪೂರ್ಣ ಕಾರಣವೇ.

ಪೂರ್ಣ ಅರಿವಳಿಕೆಯಲ್ಲಿ ತಾಯಿಯನ್ನು ನಿದ್ದೆಗೆ ಕಳಿಸಿ, ಗಂಟಲಿನಿಂದ ಶ್ವಾಸನಾಳಕ್ಕೆ ಕೊಳವೆ ಇಡುತ್ತಾರೆ. ಗರ್ಭಾವಸ್ಥೆಯಲ್ಲಿ ಗಂಟಲಿನ ಒಳಭಾಗ ಊದಿಕೊಳ್ಳುವುದರಿಂದ ಈ ಕೆಲಸ ಕಷ್ಟ. ಹೆರಿಗೆಯ ಪೂರ್ಣ ಅರಿವಳಿಕೆಗಳಲ್ಲಿ ಸುಮಾರು 400ಕ್ಕೆ ಒಂದರಲ್ಲಿ ಕೊಳವೆ ಹಾಕಲು ಆಗದೆ ಹೋಗುತ್ತದೆ. ಹೊಟ್ಟೆಯ ಆಮ್ಲ ಶ್ವಾಸಕೋಶಕ್ಕೆ ಇಳಿಯುವ ಅಪಾಯವನ್ನು ಅಮೆರಿಕದ ಕರ್ಟಿಸ್‌ ಮೆಂಡೆಲ್ಸನ್‌ 1946ರಲ್ಲೇ ವಿವರಿಸಿದ್ದರು. ಇವೆರಡೂ ಸ್ಪೈನಲ್‌ ಮೊದಲ ಆಯ್ಕೆಯಾಗಲು ಮುಖ್ಯ ಕಾರಣಗಳು. ಅನುಭವಿ ತಜ್ಞರ ಕೈಯಲ್ಲಿ, ಸರಿಯಾದ ಸಿದ್ಧತೆಯೊಂದಿಗೆ ಪೂರ್ಣ ಅರಿವಳಿಕೆಯೂ ಸುರಕ್ಷಿತವೇ. ಬೇಕಾದಾಗ ಅದು ಜೀವ ಉಳಿಸುವ ಆಯ್ಕೆ.

ತಲೆನೋವು

ಸೂಜಿ ಮಾಡಿದ ರಂಧ್ರದಿಂದ ದ್ರವ ಸೋರಿದಾಗ ವಿಶಿಷ್ಟವಾದ ತಲೆನೋವು ಬರುತ್ತದೆ. ಕುಳಿತಾಗ, ನಿಂತಾಗ ಹೆಚ್ಚಾಗಿ ಮಲಗಿದರೆ ಇಳಿಯುವುದು ಇದರ ಗುರುತು. ಪೆನ್ಸಿಲ್‌ ಮೊನೆಯ ತೆಳು ಸೂಜಿ ಬಳಸಿದರೆ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನರಿಗೆ ಇದು ಬರುತ್ತದೆ. ಕತ್ತರಿಸುವ ಮೊನೆಯ ಸೂಜಿಯಲ್ಲಿ ಸಂಭವ ಹೆಚ್ಚು. ತಲೆ ಎತ್ತದೆ, ದಿಂಬಿಲ್ಲದೆ ಇಡೀ ದಿನ ಮಲಗಿದರೆ ತಲೆನೋವು ಬರುವುದಿಲ್ಲ ಎಂಬ ನಂಬಿಕೆ ಇನ್ನೂ ಇದೆ. ಹಾಗೆ ಮಲಗಿಸುವುದರಿಂದ ತಲೆನೋವು ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಬಾಣಂತಿಗೆ ಮಗುವನ್ನು ಎತ್ತಿಕೊಳ್ಳುವ ಅವಕಾಶ ಮಾತ್ರ ತಪ್ಪುತ್ತದೆ.

ಸಾಮಾನ್ಯ ನೋವುನಿವಾರಕ, ಸಾಕಷ್ಟು ನೀರು, ಕಾಫಿ ಇವುಗಳಿಂದ ಬಹುತೇಕರಿಗೆ ಆರಾಮ ಸಿಗುತ್ತದೆ. ತೀವ್ರವಾಗಿದ್ದರೆ ತಾಯಿಯ ಕೈಯಿಂದಲೇ ಸುಮಾರು 15ರಿಂದ 20 ಮಿಲಿಲೀಟರ್‌ ರಕ್ತ ತೆಗೆದು ಎಪಿಡ್ಯೂರಲ್‌ ಜಾಗಕ್ಕೆ ಸೇರಿಸುತ್ತಾರೆ. ಆ ರಕ್ತ ಹೆಪ್ಪುಗಟ್ಟಿ ರಂಧ್ರವನ್ನು ಮುಚ್ಚುತ್ತದೆ. ಮಲಗಿದರೂ ಇಳಿಯದ ತಲೆನೋವು, ಜ್ವರ, ಫಿಟ್ಸ್‌, ಕಣ್ಣು ಮಂಜಾಗುವುದು, ಕೈಕಾಲು ಸ್ವಾಧೀನ ತಪ್ಪುವುದು ಬೇರೆಯೇ ಕಾಯಿಲೆಯ ಸೂಚನೆಗಳು. ಬಾಣಂತಿಯರಲ್ಲಿ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು, ಬಿಪಿ ಏರುವುದೂ ಉಂಟು. ಬಾಣಂತಿಗೆ ನೀರು ಕಡಿಮೆ ಕೊಡುವ ಕೆಲವು ಮನೆಗಳ ರೂಢಿ ಈ ಹೆಪ್ಪುಗಟ್ಟುವಿಕೆಗೆ ಇಂಬು ಕೊಡುತ್ತದೆ. ಅದನ್ನು ಬಿಡಲೇಬೇಕು.

ಬೆನ್ನುನೋವು, ನರದ ಹಾನಿ

‘ಬೆನ್ನಿಗೆ ಇಂಜೆಕ್ಷನ್‌ ಕೊಟ್ಟಾಗಿನಿಂದ ಬೆನ್ನುನೋವು ಹೋಗಿಲ್ಲ’ ಎಂಬ ಮಾತು ಕರ್ನಾಟಕದ ಮನೆಮನೆಯಲ್ಲೂ ಕೇಳಿಸುತ್ತದೆ. ಆ ನೋವು ನಿಜ. ಕಾರಣ ಮಾತ್ರ ಬೇರೆ. ಸೂಜಿ ಹಾಕಿದ ಜಾಗದಲ್ಲಿ ಕೆಲವು ದಿನ ಕಂದಿದ ನೋವು ಇರಬಹುದು. ವರ್ಷಗಟ್ಟಲೆ ಉಳಿಯುವ ಬೆನ್ನುನೋವಿಗೂ ಸ್ಪೈನಲ್‌, ಎಪಿಡ್ಯೂರಲ್‌ಗೂ ಸಂಬಂಧವನ್ನು ಅಧ್ಯಯನಗಳು ಕಂಡಿಲ್ಲ. ಅರಿವಳಿಕೆ ಇಲ್ಲದೆ ಹೆತ್ತವರಲ್ಲೂ ಈ ನೋವು ಸಾಮಾನ್ಯ. ಗರ್ಭಾವಸ್ಥೆಯಲ್ಲಿ ಸಡಿಲಗೊಂಡ ಕೀಲುಗಳು, ಸೋತ ಹೊಟ್ಟೆಯ ಸ್ನಾಯುಗಳು, ಬಾಗಿ ಕುಳಿತು ಹಾಲೂಡಿಸುವುದು, ಮಗುವನ್ನು ಎತ್ತುವ ಶ್ರಮ ಇದಕ್ಕೆ ಕಾರಣ. ಸೂಜಿಯನ್ನು ದೂರಿ ಸುಮ್ಮನಾದರೆ ವ್ಯಾಯಾಮ, ಸರಿಯಾದ ಭಂಗಿ, ವಿಶ್ರಾಂತಿ ಎಂಬ ನಿಜವಾದ ಪರಿಹಾರಗಳು ಆ ಹೆಣ್ಣುಮಗಳಿಗೆ ಸಿಗದೇ ಹೋಗುತ್ತವೆ.

ನರಕ್ಕೆ ಶಾಶ್ವತ ಹಾನಿ ಬಹಳ ವಿರಳ. ಬ್ರಿಟನ್ನಿನ ರಾಯಲ್‌ ಕಾಲೇಜ್‌ ಆಫ್‌ ಅನಸ್ತೆಟಿಸ್ಟ್ಸ್‌ 2009ರಲ್ಲಿ ಪ್ರಕಟಿಸಿದ ರಾಷ್ಟ್ರವ್ಯಾಪಿ ಪರಿಶೀಲನೆ, ಸ್ಪೈನಲ್‌–ಎಪಿಡ್ಯೂರಲ್‌ ಬಗೆಯ ಎಲ್ಲ ಚಿಕಿತ್ಸೆಗಳನ್ನೂ ಸೇರಿಸಿ ಶಾಶ್ವತ ಹಾನಿಯ ಪ್ರಮಾಣ ಲಕ್ಷಕ್ಕೆ 2ರಿಂದ 4 ಎಂದು ಅಂದಾಜಿಸಿತು. ಹೆರಿಗೆಯಲ್ಲಿ ಅದು ಇನ್ನೂ ಕಡಿಮೆ. ಹಾಗಿದ್ದರೂ ಒಂದು ಎಚ್ಚರಿಕೆ ಅಗತ್ಯ: ಸ್ಪೈನಲ್‌ ಕೊಟ್ಟು 4 ಗಂಟೆಯಾದರೂ ಮಂಡಿ ಬಗ್ಗಿಸದೆ ಕಾಲು ಎತ್ತಲು ಆಗದಿದ್ದರೆ, ಮರಳಿದ ಶಕ್ತಿ ಮತ್ತೆ ಕುಂದಿದರೆ ತಜ್ಞರನ್ನು ಕರೆಯಬೇಕು. ಬೆನ್ನಿನೊಳಗೆ ರಕ್ತ ಶೇಖರವಾಗಿದ್ದರೆ ಬೇಗ ಪತ್ತೆ ಮಾಡಿದಷ್ಟೂ ಗುಣವಾಗುವ ಸಂಭವ ಹೆಚ್ಚು.

ಶಸ್ತ್ರಚಿಕಿತ್ಸೆಯ ನಂತರ

ಸ್ಪೈನಲ್‌ ಇಳಿದ ಮೇಲಿನ ಮೊದಲ ಒಂದೆರಡು ದಿನ ನೋವು ಹೆಚ್ಚು. ಹೆತ್ತವಳು ನೋವು ಸಹಿಸಲೇಬೇಕೆಂಬ ಭಾವನೆಯಿಂದ ಎಷ್ಟೋ ಬಾಣಂತಿಯರು ಔಷಧ ಕೇಳುವುದಿಲ್ಲ, ಕೇಳಿದರೂ ಎಷ್ಟೋ ಕಡೆ ತಡವಾಗಿ ಸಿಗುತ್ತದೆ. ನೋವಿರುವ ತಾಯಿ ಎದ್ದು ಓಡಾಡಲಾರಳು. ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಮಗುವಿಗೆ ಹಾಲೂಡಿಸಲು ಕುಳಿತುಕೊಳ್ಳುವುದೂ ಕಷ್ಟ. ನೋವು ನಿವಾರಣೆ ಹೀಗೆ ಚೇತರಿಕೆಯ ಭಾಗವೇ ಆಗಿದೆ.

ಇದರ ತಳಹದಿ ಎರಡು ಸಾಮಾನ್ಯ ಔಷಧಗಳು: ಪ್ಯಾರಾಸಿಟಮಾಲ್‌, ಮತ್ತು ಡೈಕ್ಲೋಫೆನಾಕ್‌ ಅಥವಾ ಐಬುಪ್ರೊಫೇನ್‌. ನೋವು ಬಂದ ಮೇಲೆ ಕೊಡುವ ಬದಲು ಗಡಿಯಾರ ನೋಡಿ ಹೊತ್ತುಹೊತ್ತಿಗೆ ಕೊಟ್ಟರೆ ಹೆಚ್ಚು ಫಲ. ಇವು ಎದೆಹಾಲಿಗೆ ಸೇರುವುದು ಅತ್ಯಲ್ಪ, ಹಾಲೂಡಿಸುವವರಿಗೆ ಸುರಕ್ಷಿತ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಈ ಮಾತ್ರೆಗಳಿಂದ ಉಬ್ಬಸ ಬರುವವರಿಗೆ ಎರಡನೆಯ ಬಗೆಯ ಔಷಧ ಒಗ್ಗದು. ಕೊಡೀನ್‌, ಟ್ರಮಡಾಲ್‌ ಔಷಧಗಳನ್ನು ಹಾಲೂಡಿಸುವ ತಾಯಂದಿರು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ತಿಳಿಸಿತು. ಕೆಲವರ ದೇಹ ಇವನ್ನು ಅತಿ ವೇಗವಾಗಿ ಪ್ರಬಲ ರೂಪಕ್ಕೆ ಮಾರ್ಪಡಿಸಿ ಮಗುವಿಗೆ ಮಂಪರು ತರಬಹುದು.

ಬೆನ್ನಿಗೆ ಮಾರ್ಫಿನ್‌ ಕೊಟ್ಟಿರದಿದ್ದರೆ ಇನ್ನೊಂದು ದಾರಿ ಇದೆ. ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಅಲ್ಟ್ರಾಸೌಂಡ್‌ ನೋಡಿಕೊಂಡು ಹೊಟ್ಟೆಯ ಎರಡೂ ಪಕ್ಕದ ಸ್ನಾಯುಪದರಗಳ ನಡುವೆ ಮರಗಟ್ಟಿಸುವ ಔಷಧ ತುಂಬುತ್ತಾರೆ. ಟ್ಯಾಪ್‌ ಬ್ಲಾಕ್‌ ಎಂಬ ಈ ವಿಧಾನ ಗಾಯದ ನೋವನ್ನು ಹಲವು ಗಂಟೆ ತಗ್ಗಿಸುತ್ತದೆ. ಗಾಯದ ಅಂಚಿಗೇ ಔಷಧ ಚುಚ್ಚುವುದು ಇದಕ್ಕಿಂತ ಸರಳ. ಅಲ್ಟ್ರಾಸೌಂಡ್‌ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಪ್ರಾಸ್ಪೆಕ್ಟ್‌ ಎಂಬ ಅಂತರರಾಷ್ಟ್ರೀಯ ತಜ್ಞರ ತಂಡ ನಿಗದಿತ ಸಿಸೇರಿಯನ್‌ಗೆ ನೀಡಿದ ಶಿಫಾರಸುಗಳಲ್ಲಿ ಇವುಗಳ ಜೊತೆಗೆ ಹೊಟ್ಟೆಗೆ ಕಟ್ಟುವ ಪಟ್ಟಿಯೂ ಇದೆ. ಬಾಣಂತಿಗೆ ಹೊಟ್ಟೆ ಕಟ್ಟುವ ನಮ್ಮ ಅಜ್ಜಿಯರ ರೂಢಿಗೆ ಇದು ಹತ್ತಿರದ್ದು. ಉಸಿರಿಗೆ ಅಡ್ಡಿಯಾಗುವಷ್ಟು ಬಿಗಿ ಇರಬಾರದು, ಗಾಯ ಸ್ವಚ್ಛವಾಗಿ ಒಣಗಿರಬೇಕು.

ಕೇಳಬೇಕಾದ ಪ್ರಶ್ನೆಗಳು

ಸಿಸೇರಿಯನ್‌ ದಿನ ಗೊತ್ತಾದ ಮೇಲೆ ಅರಿವಳಿಕೆ ತಜ್ಞರನ್ನು ಒಮ್ಮೆ ಭೇಟಿಯಾಗುವುದು ಪ್ರತಿ ಗರ್ಭಿಣಿಯ ಹಕ್ಕು. ಹಿಂದಿನ ಶಸ್ತ್ರಚಿಕಿತ್ಸೆಗಳು, ಬೆನ್ನುಮೂಳೆಯ ತೊಂದರೆ, ಔಷಧದ ಅಲರ್ಜಿ, ಸುಲಭವಾಗಿ ರಕ್ತ ಸೋರುವ ಪ್ರವೃತ್ತಿ, ಸೇವಿಸುತ್ತಿರುವ ಮಾತ್ರೆಗಳು ಇವೆಲ್ಲವನ್ನೂ ಅಲ್ಲಿ ಹೇಳಬೇಕು. ಹಿಂದಿನ ಸಿಸೇರಿಯನ್‌ನಲ್ಲಿ ನೋವು ಅನುಭವಿಸಿದ್ದರೆ ಅದನ್ನು ಮೊದಲು ಹೇಳಬೇಕು. ಯಾವ ಬಗೆಯ ಸೂಜಿ ಬಳಸುತ್ತೀರಿ, ಸ್ಪೈನಲ್‌ ಜೊತೆ ದೀರ್ಘಕಾಲದ ನೋವುನಿವಾರಕ ಸೇರಿಸುತ್ತೀರಾ, ಮಧ್ಯೆ ನೋವಾದರೆ ಏನು ಮಾಡುತ್ತೀರಿ, ಮೊದಲ ರಾತ್ರಿ ನೋವಿಗೆ ಏನು ವ್ಯವಸ್ಥೆ, ಮಗುವನ್ನು ಥಿಯೇಟರಿನಲ್ಲೇ ಎದೆಗೆ ಕೊಡುತ್ತೀರಾ: ಈ ಐದು ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ.

ಕುಟುಂಬದವರಿಗೂ ಇಲ್ಲಿ ಪಾಲಿದೆ. ಗರ್ಭಿಣಿಯ ಮುಂದೆ ಬೆನ್ನಿನ ಇಂಜೆಕ್ಷನ್‌ನ ಭಯದ ಕಥೆಗಳನ್ನು ಹೇಳುವುದನ್ನು ಬಿಟ್ಟು, ಅವಳ ಜೊತೆ ವೈದ್ಯರ ಬಳಿ ಹೋಗಿ ಕುಳಿತರೆ ಅದೇ ದೊಡ್ಡ ನೆರವು. ಸ್ಪೈನಲ್‌ ಸುರಕ್ಷಿತ, ಪರಿಣಾಮಕಾರಿ, ಮಗುವಿಗೂ ಹಿತ. ಆಯ್ಕೆಗಳನ್ನು ವಿವರಿಸುವುದು ವೈದ್ಯರ ಕರ್ತವ್ಯ. ನೋವಿಲ್ಲದೆ, ಗೌರವದಿಂದ ಹೆರುವುದು ಪ್ರತಿಯೊಬ್ಬ ತಾಯಿಯ ಹಕ್ಕು.